ಶಾಲೆಯ ರೇಟಿಂಗ್‌ನಲ್ಲಿ ಕಾಣದ ಲೆಕ್ಕ: ಸಿವಿಲ್ ರೈಟ್ಸ್ ಡೇಟಾ ಸೈಟ್ ಬಗ್ಗೆ ನನ್ನ ರಿವ್ಯೂ

ಅಮೆರಿಕದಲ್ಲಿರುವ ನಮ್ಮ ಜನ ಮನೆ ಹುಡುಕುವಾಗ ಮೊದಲು ನೋಡುವುದು ಶಾಲೆಯ ರೇಟಿಂಗ್. ಹತ್ತಕ್ಕೆ ಒಂಬತ್ತು ಅಂತ ಕಂಡರೆ ಸಾಕು, ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ ಅಂತ ಅಲ್ಲೇ ಮನೆ ಮಾಡುತ್ತಾರೆ. ಆದರೆ ಆ ನಂಬರ್‌ನಲ್ಲಿ ಕೆಲವು ವಿಷಯ ಕಾಣುವುದೇ ಇಲ್ಲ. ಆ ಶಾಲೆಯಲ್ಲಿ ಯಾರ ಮಕ್ಕಳನ್ನು ಸ್ಪೆಷಲ್ ಎಜುಕೇಷನ್‌ಗೆ ಹಾಕುತ್ತಾರೆ, ಯಾರ ಮಕ್ಕಳಿಗೆ ಬೇಕಿದ್ದರೂ ಕೊಡುವುದಿಲ್ಲ, ಯಾರನ್ನು ಸಸ್ಪೆಂಡ್ ಮಾಡಿ ಮನೆಗೆ ಕಳಿಸುತ್ತಾರೆ, ಯಾರನ್ನು ಕೈಕಾಲು ಹಿಡಿದು ಅದುಮಿ ಹಿಡಿಯುತ್ತಾರೆ. ಇದನ್ನೆಲ್ಲ ಜನಾಂಗದ ಪ್ರಕಾರ ಬಿಡಿಸಿ ತೋರಿಸುವ ಸರ್ಕಾರಿ ಸೈಟ್ ಒಂದಿದೆ. ನಮ್ಮವರಲ್ಲಿ ತುಂಬಾ ಕಡಿಮೆ ಜನಕ್ಕೆ ಗೊತ್ತು. ಅದರ ಬಗ್ಗೆಯೇ ಈ ರಿವ್ಯೂ.

ಹೆಸರು ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್. ಅಮೆರಿಕದ ಶಿಕ್ಷಣ ಇಲಾಖೆಯ ಆಫೀಸ್ ಫಾರ್ ಸಿವಿಲ್ ರೈಟ್ಸ್ ಇದನ್ನು ನಡೆಸುತ್ತದೆ. 1968ರಿಂದ ಶಾಲೆಗಳಿಂದ ಈ ಲೆಕ್ಕ ತರಿಸಿಕೊಳ್ಳುತ್ತಿದ್ದಾರೆ. ಹಿಂದೆ ಹೆಚ್ಚಿನ ಸಲ ಕೆಲವೇ ಶಾಲೆಗಳನ್ನು ಆರಿಸಿ ಕೇಳುತ್ತಿದ್ದರು, 2011-12ರಿಂದ ದೇಶದ ಎಲ್ಲ ಪಬ್ಲಿಕ್ (ಸರ್ಕಾರಿ) ಶಾಲೆಗಳೂ ಕೊಡಲೇಬೇಕು. ಅಂದರೆ ಸುಮಾರು 17,000 ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ), 97,000 ಶಾಲೆ. ದುಡ್ಡು ಬೇಡ, ಲಾಗಿನ್ ಬೇಡ. ನನ್ನ ಮಾರ್ಕು 5ಕ್ಕೆ 3.5. ಯಾಕೆ ಪೂರ್ತಿ ಕೊಡಲಿಲ್ಲ, ಆದರೂ ಪ್ರತಿಯೊಬ್ಬ ಅಪ್ಪ ಅಮ್ಮ ಒಂದು ಸಲವಾದರೂ ಯಾಕೆ ತೆರೆದು ನೋಡಬೇಕು ಅಂತ ಹೇಳುತ್ತೇನೆ.

ಬಳಸುವುದು ಕಷ್ಟವಲ್ಲ. ನಿಮ್ಮ ಶಾಲೆಯ ಹೆಸರನ್ನೋ ಡಿಸ್ಟ್ರಿಕ್ಟ್ ಹೆಸರನ್ನೋ ಹುಡುಕಿ. ಮೊದಲು ಒಟ್ಟು ಮಕ್ಕಳೆಷ್ಟು, ಅದರಲ್ಲಿ ಬಿಳಿಯರು, ಕಪ್ಪು ಮಕ್ಕಳು, ಹಿಸ್ಪಾನಿಕ್, ಏಷ್ಯನ್, ಮೂಲನಿವಾಸಿ ಮಕ್ಕಳು ಎಷ್ಟೆಷ್ಟು ಅಂತ ಬರುತ್ತದೆ. ಆಮೇಲೆ ಐಡಿಇಎ ಅಂತ ಒಂದು ಭಾಗ. ಐಡಿಇಎ ಅಂದರೆ ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಶಾಲೆಯಲ್ಲಿ ಉಚಿತ ವಿಶೇಷ ಶಿಕ್ಷಣ ಕೊಡಬೇಕು ಅನ್ನುವ ಕಾನೂನು. 1975ರಲ್ಲಿ ಬೇರೆ ಹೆಸರಿನಲ್ಲಿ ಬಂತು, 1990ರಲ್ಲಿ ಈ ಹೆಸರಾಯಿತು. ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ, ಇರುವ ಮಕ್ಕಳೆಲ್ಲ ಈ ಲೆಕ್ಕದಲ್ಲಿ ಬರುತ್ತಾರೆ. ಪಕ್ಕದಲ್ಲೇ 504 ಪ್ಲ್ಯಾನ್, ಅಂದರೆ ವಿಶೇಷ ಶಿಕ್ಷಣ ಇಲ್ಲದೆ ಸವಲತ್ತು ಮಾತ್ರ ಕೊಡುವ ಯೋಜನೆ, ಇರುವವರ ಲೆಕ್ಕ ಬೇರೆ ಇದೆ. ಅದನ್ನೂ ನೋಡಿ. ಇಡೀ ದೇಶದಲ್ಲಿ 504 ಪ್ಲ್ಯಾನ್ ಪಡೆಯುವವರಲ್ಲಿ ಬಿಳಿಯ ಮಕ್ಕಳ ಪಾಲು ಅವರ ಸಂಖ್ಯೆಗಿಂತ ಜಾಸ್ತಿ. ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಬೆಂಚು, ಇಂಥ ಸವಲತ್ತುಗಳು ಡಾಕ್ಟರ ಹತ್ತಿರ ಓಡಾಡಿ ಕಾಗದ ತರುವ ಶಕ್ತಿ ಇದ್ದವರಿಗೆ ಸುಲಭವಾಗಿ ಸಿಗುತ್ತವೆ, ಇಲ್ಲದವರ ಮಕ್ಕಳು ಅದೇ ತೊಂದರೆ ಇಟ್ಟುಕೊಂಡು ಬೇರೆ ಹಣೆಪಟ್ಟಿಯ ಕೆಳಗೆ ಬರುತ್ತಾರೆ.

ಸೈಟ್ ಸಂಖ್ಯೆ ಕೊಡುತ್ತದೆ, ಅದರ ಅರ್ಥ ಹೇಳಿಕೊಡುವುದಿಲ್ಲ. ಇದು ನನ್ನ ಮೊದಲ ದೂರು. ಚಿತ್ರ ನೋಡಿದರೆ ಸ್ಪೆಷಲ್ ಎಡ್‌ನಲ್ಲಿ ಇಷ್ಟು ಶೇಕಡಾ ಕಪ್ಪು ಮಕ್ಕಳು ಅಂತ ಕಾಣುತ್ತದೆ. ಅದು ಜಾಸ್ತಿಯೋ ಕಡಿಮೆಯೋ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ರಿಸ್ಕ್ ರೇಶಿಯೋ ಅನ್ನುವ ಲೆಕ್ಕ ಮಾಡಬೇಕು. ಗಾಬರಿಯಾಗಬೇಡಿ, ಐದನೇ ಕ್ಲಾಸಿನ ಗಣಿತ. ಉದಾಹರಣೆಗೆ ನಾನೇ ಮಾಡಿಕೊಂಡ ಸಂಖ್ಯೆ ತೆಗೆದುಕೊಳ್ಳಿ. ಒಂದು ಡಿಸ್ಟ್ರಿಕ್ಟ್‌ನಲ್ಲಿ 1,000 ಕಪ್ಪು ಮಕ್ಕಳಿದ್ದಾರೆ, ಅವರಲ್ಲಿ 200 ಮಕ್ಕಳಿಗೆ ಐಇಪಿ ಇದೆ. ಅಂದರೆ ನೂರಕ್ಕೆ 20. ಉಳಿದ ಎಲ್ಲರೂ ಸೇರಿ 4,000, ಅವರಲ್ಲಿ 400 ಮಕ್ಕಳಿಗೆ ಇದೆ. ಅಂದರೆ ನೂರಕ್ಕೆ 10. ಇಪ್ಪತ್ತನ್ನು ಹತ್ತರಿಂದ ಭಾಗಿಸಿ, 2 ಬಂತು. ಆ ಊರಲ್ಲಿ ಕಪ್ಪು ಮಗುವಿಗೆ ಸ್ಪೆಷಲ್ ಎಡ್ ಹಣೆಪಟ್ಟಿ ಬೀಳುವ ಸಾಧ್ಯತೆ ಬೇರೆ ಮಕ್ಕಳ ಎರಡು ಪಟ್ಟು. 1 ಬಂದರೆ ಸಮ. 1ಕ್ಕಿಂತ ತುಂಬಾ ಕೆಳಗೆ ಹೋದರೆ ಆ ಗುಂಪಿನ ಮಕ್ಕಳು ಸೇವೆ ತಲುಪದೆ ಉಳಿದಿರಬಹುದು. ಸರ್ಕಾರವೂ ಡಿಸ್ಟ್ರಿಕ್ಟ್‌ಗಳನ್ನು ಅಳೆಯುವುದು ಇದೇ ಲೆಕ್ಕದಲ್ಲಿ.

ಹೀಗೆ ಅಳೆಯಬೇಕು ಅನ್ನುವ ಯೋಚನೆ ಸುಮ್ನೆ ಬಂದದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಡಯಾನಾ ಕೇಸ್ ಅಂತ ಒಂದು ನಡೆಯಿತು. ಮಾಂಟೆರೇ ಕೌಂಟಿಯ ಒಂಬತ್ತು ಮಕ್ಕಳು, ಮೆಕ್ಸಿಕನ್ ಕುಟುಂಬದವರು, ಮನೆಯಲ್ಲಿ ಸ್ಪ್ಯಾನಿಷ್. ಅವರಿಗೆ ಐಕ್ಯೂ ಪರೀಕ್ಷೆ ಕೊಟ್ಟದ್ದು ಇಂಗ್ಲಿಷ್‌ನಲ್ಲಿ. ಮಾರ್ಕು ಕಡಿಮೆ ಬಂತು, ಬುದ್ಧಿಮಾಂದ್ಯರ ತರಗತಿ ಅಂತ ಆಗ ಕರೆಯುತ್ತಿದ್ದ ಕಡೆ ಕೂರಿಸಿದರು. ಆಮೇಲೆ ಸ್ಪ್ಯಾನಿಷ್ ಗೊತ್ತಿದ್ದವರು ಮತ್ತೆ ಪರೀಕ್ಷೆ ಮಾಡಿದಾಗ ಬಹುತೇಕ ಮಕ್ಕಳು ಆ ಗೆರೆ ದಾಟಿದರು. ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡುತ್ತೇವೆ ಅಂತ ರಾಜ್ಯ ಒಪ್ಪಿಕೊಂಡಿತು. ಮರುವರ್ಷ, 1971ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕಪ್ಪು ಮಕ್ಕಳ ಪರವಾಗಿ ಲ್ಯಾರಿ ಪಿ. ಕೇಸ್ ಶುರುವಾಯಿತು. ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಜನ ಮಾತ್ರ ಕಪ್ಪು ಮಕ್ಕಳು, ಆದರೆ ಆ ತರಗತಿಗಳಲ್ಲಿ ನೂರಕ್ಕೆ 25. ಜಡ್ಜ್ ರಾಬರ್ಟ್ ಪೆಕಮ್ 1979ರಲ್ಲಿ ತೀರ್ಪು ಕೊಟ್ಟರು. ಐಕ್ಯೂ ಪರೀಕ್ಷೆ ನೋಡಿ ಕಪ್ಪು ಮಕ್ಕಳನ್ನು ಅಲ್ಲಿಗೆ ಹಾಕುವಂತಿಲ್ಲ ಅಂದರು.

ಆ ತರಗತಿಗೆ ಹೋದ ಮಗುವಿಗೆ ಬೇರೆಯವರು ಕಲಿಯುವ ಪಾಠ ಸಿಗುತ್ತಿರಲಿಲ್ಲ. ವರ್ಷ ಕಳೆದಂತೆ ಅಂತರ ದೊಡ್ಡದಾಗುತ್ತಿತ್ತು, ವಾಪಸ್ ಬರುವ ದಾರಿ ಮುಚ್ಚುತ್ತಿತ್ತು. ಅದಕ್ಕೇ ಈ ಸೈಟ್‌ನ ಅಂಕಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮವರು ಈ ವಿಷಯ ಎತ್ತಿದರೆ ‘ಅದು ನಮಗೆ ಸಂಬಂಧವಿಲ್ಲ ಬಿಡಿ’ ಅನ್ನುತ್ತಾರೆ. ಸಂಬಂಧ ಇದೆ. 2021-22ರ ಲೆಕ್ಕದಲ್ಲಿ ದೇಶದ ಮೂಲನಿವಾಸಿ ಮಕ್ಕಳಲ್ಲಿ ಶೇಕಡಾ 19, ಕಪ್ಪು ಮಕ್ಕಳಲ್ಲಿ ಶೇಕಡಾ 17 ಸ್ಪೆಷಲ್ ಎಡ್‌ನಲ್ಲಿದ್ದರು. ಏಷ್ಯನ್ ಮಕ್ಕಳಲ್ಲಿ ಶೇಕಡಾ 8 ಮಾತ್ರ. ಇದನ್ನು ನೋಡಿ ನಮ್ಮ ಮಕ್ಕಳು ಜಾಣರು ಅಂತ ಬೀಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಓದಬೇಡಿ. ಅಕ್ಷರ ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾ, ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ ನಮ್ಮ ಮನೆಗಳನ್ನು ಬಿಟ್ಟು ಪಕ್ಕದ ಮನೆಗೆ ಹೋಗುವುದಿಲ್ಲ. ಶಾಂತವಾಗಿ ಕೂರುವ ಮಗು, ಟ್ಯೂಷನ್ ಕೊಡಿಸುವ ಅಪ್ಪ ಅಮ್ಮ, ‘ಏಷ್ಯನ್ ಮಕ್ಕಳಿಗೆ ಏನೂ ತೊಂದರೆ ಇರುವುದಿಲ್ಲ’ ಅಂದುಕೊಂಡ ಟೀಚರ್, ಜೊತೆಗೆ ಲೇಬಲ್ ಬಿದ್ದರೆ ಊರಿನವರಿಗೆ ಏನು ಹೇಳುವುದು ಅನ್ನುವ ನಮ್ಮ ಹೆದರಿಕೆ, ಇವೆಲ್ಲ ಸೇರಿದರೆ ತೊಂದರೆ ಇರುವ ಮಗುವೂ ಆ ಶೇಕಡಾ 8ರ ಹೊರಗೇ ಉಳಿದುಬಿಡುತ್ತದೆ.

ನನ್ನ ಮಗನ ಜೊತೆ ಆದದ್ದು ಇದೇ. ನಾವು ಡಲ್ಲಾಸ್ ಪಕ್ಕದ ಊರಿನಲ್ಲಿದ್ದೇವೆ. ಅವನು ಕಿಂಡರ್‌ಗಾರ್ಟನ್‌ಗೆ ಹೋದಾಗ ಮಾತು ಕಡಿಮೆ. ಕನ್ನಡದಲ್ಲೂ ಕಡಿಮೆ, ಇಂಗ್ಲಿಷ್‌ನಲ್ಲೂ ಕಡಿಮೆ. ಶಾಲೆಯವರು ಹೇಳಿದ್ದು ಒಂದೇ ಮಾತು. ಮನೆಯಲ್ಲಿ ಎರಡು ಭಾಷೆ ಇದೆ, ಅದಕ್ಕೇ ತಡ, ಕಾಯೋಣ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಅಂತಲೂ ಅಂದರು. ಎರಡು ಭಾಷೆ ಕಲಿಯುವುದರಿಂದ ಮಾತಿನ ದೋಷ ಬರುವುದಿಲ್ಲ. ಇದು ಸ್ಪೀಚ್ ಥೆರಪಿಸ್ಟ್‌ಗಳೇ ಒಪ್ಪುವ ವಿಷಯ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ, ನಮ್ಮ ಮಗನಲ್ಲಿ ಕಾಣುತ್ತಲೇ ಇತ್ತು. ಆದರೆ ಕನ್ನಡದಲ್ಲಿ ಅವನು ಹೇಗೆ ಮಾತಾಡುತ್ತಾನೆ ಅಂತ ಯಾರೂ ಕೇಳಲೇ ಇಲ್ಲ.

ಆಗ ಈ ಸೈಟ್‌ನಲ್ಲಿ ನಮ್ಮ ಡಿಸ್ಟ್ರಿಕ್ಟ್ ನೋಡಿದೆ. ಏಷ್ಯನ್ ಮಕ್ಕಳ ರೇಶಿಯೋ 1ಕ್ಕಿಂತ ಎಷ್ಟೋ ಕೆಳಗೆ. ಕಪ್ಪು ಮಕ್ಕಳದ್ದು 1ಕ್ಕಿಂತ ಮೇಲೆ. ಒಂದೇ ಡಿಸ್ಟ್ರಿಕ್ಟ್, ಅದೇ ಟೀಚರ್‌ಗಳು, ಅದೇ ಪರೀಕ್ಷೆ. ನನ್ನ ಮಗನ ವಿಷಯ ನಮ್ಮ ಒಂದು ಮನೆಯ ದುರದೃಷ್ಟ ಅಲ್ಲ ಅಂತ ಆಗ ಗೊತ್ತಾಯಿತು. ಸೈಟ್ ನನಗೆ ಮಾಡಿದ ದೊಡ್ಡ ಉಪಕಾರ ಇದು. ಇದಕ್ಕೆ ಮಾರ್ಕು ಕೊಡಲೇಬೇಕು.

ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಇರುವ ಒಬ್ಬ ಆಫ್ರಿಕನ್ ಅಮೆರಿಕನ್ ತಾಯಿಯ ಕತೆ ಇದರ ತಿರುಗುಮುರುಗು. ಅವರ ಹುಡುಗ ನನ್ನ ಮಗನ ವಯಸ್ಸಿನವನೇ. ತುಂಬಾ ಚುರುಕು, ಒಂದು ಕಡೆ ಕೂರುವುದಿಲ್ಲ, ಬೈದರೆ ಎದುರು ಮಾತಾಡುತ್ತಾನೆ. ಅವನ ವಿಷಯದಲ್ಲಿ ಕಾಯೋಣ ಅಂತ ಯಾರೂ ಅನ್ನಲಿಲ್ಲ. ಬೇಗ ಬೇಗ ಇವ್ಯಾಲ್ಯುವೇಷನ್ ಆಯಿತು, ಭಾವನಾತ್ಮಕ ತೊಂದರೆ ಅನ್ನುವ ಪಟ್ಟಿಗೆ ಸೇರಿಸಿದರು, ದಿನದ ಹೆಚ್ಚು ಹೊತ್ತು ಬೇರೆ ಕೋಣೆ. ಅವನಿಗೆ ಓದುವುದರಲ್ಲಿ ಇದ್ದ ಕಷ್ಟವನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ ಅನ್ನುವುದು ಆ ತಾಯಿಯ ನೋವು. ಓದಲು ಬಾರದ ಮಗು ಕ್ಲಾಸಿನಲ್ಲಿ ತಂಟೆ ಮಾಡದೆ ಇನ್ನೇನು ಮಾಡುತ್ತದೆ ಹೇಳಿ?

ನಮ್ಮವರು ಕೇಳಬೇಕಾದ ಮಾತು ಇದು. ನಮ್ಮ ಮಕ್ಕಳಿಗೆ ಸೇವೆ ಸಿಗದೆ ಇರುವುದಕ್ಕೂ ಅವರ ಮಕ್ಕಳನ್ನು ಬೇರೆ ಕೋಣೆಗೆ ತಳ್ಳುವುದಕ್ಕೂ ಬೇರು ಒಂದೇ. ಮಗುವನ್ನು ನೋಡುವ ಮೊದಲೇ ಅದು ಯಾರ ಮಗು ಅಂತ ನೋಡಿ ತೀರ್ಮಾನಿಸುವುದು. ಇದರಲ್ಲಿ ಒಂದನ್ನು ಮಾತ್ರ ಹಿಡಿದು ಶಾಲೆಯ ಜೊತೆ ವಾದ ಮಾಡಿದರೆ ಅರ್ಧ ಸತ್ಯ ಹೇಳಿದ ಹಾಗೆ.

ಟೆಕ್ಸಸ್‌ನವರಿಗೆ ಈ ಅರ್ಧ ಸತ್ಯದ ಪರಿಣಾಮ ಚೆನ್ನಾಗಿ ಗೊತ್ತು. 2004ರಲ್ಲಿ ಟೆಕ್ಸಸ್ ಎಜುಕೇಷನ್ ಏಜೆನ್ಸಿ ಒಂದು ಗುರಿ ಇಟ್ಟಿತು. ಡಿಸ್ಟ್ರಿಕ್ಟ್‌ನ ಮಕ್ಕಳಲ್ಲಿ ಶೇಕಡಾ 8.5ಕ್ಕಿಂತ ಜಾಸ್ತಿ ಸ್ಪೆಷಲ್ ಎಡ್‌ನಲ್ಲಿದ್ದರೆ ಅಂಕ ಕಡಿತ, ವಿಚಾರಣೆ. ಆಗ ರಾಜ್ಯದಲ್ಲಿ ಸುಮಾರು ಶೇಕಡಾ 12 ಇತ್ತು, ಹತ್ತು ಹನ್ನೆರಡು ವರ್ಷದಲ್ಲಿ ಅದು 8.5ರ ಹತ್ತಿರ ಬಂದು ನಿಂತಿತು. ದೇಶದ ಸರಾಸರಿ 13ರ ಹತ್ತಿರ ಇದ್ದಾಗ! 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಇದನ್ನು ಬಯಲಿಗೆ ತಂದಿತು. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಕ್ಕಳಿಗೆ ಇನ್ನೂ ಜಾಸ್ತಿ ಹೊಡೆತ ಬಿದ್ದಿದೆ ಅಂತ ಬರೆದರು. 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಟೆಕ್ಸಸ್ ಕಾನೂನು ಮುರಿದಿದೆ ಅಂತ ಹೇಳಿತು. ಈಗ ಆ ಮಿತಿ ಇಲ್ಲ, ಸಂಖ್ಯೆಯೂ ಏರಿದೆ. ಆದರೆ ಆ ವರ್ಷಗಳಲ್ಲಿ ಶಾಲೆ ಮುಗಿಸಿದ ಮಕ್ಕಳಿಗೆ ಕಳೆದ ಕಾಲ ವಾಪಸ್ ಬರುವುದಿಲ್ಲ. ಕೆಲವು ಗುಂಪಿನ ಮಕ್ಕಳನ್ನು ಜಾಸ್ತಿ ಹಾಕುತ್ತಿದ್ದೀರಿ ಅನ್ನುವ ಸಮಸ್ಯೆಗೆ ಎಲ್ಲರಿಗೂ ಬಾಗಿಲು ಹಾಕುವುದು ಔಷಧಿ ಅಲ್ಲ. ಪ್ರತಿ ಮಗುವನ್ನೂ ಸರಿಯಾಗಿ ಪರೀಕ್ಷೆ ಮಾಡುವುದೊಂದೇ ದಾರಿ.

ಸೈಟ್‌ನಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಶಿಸ್ತಿನ ಭಾಗದಲ್ಲಿ. ಇದು ಬೇರೆ ಯಾವ ರೇಟಿಂಗ್ ಸೈಟ್‌ನಲ್ಲೂ ಇಷ್ಟು ಬಿಡಿಸಿ ಸಿಗುವುದಿಲ್ಲ. ಸಸ್ಪೆನ್ಷನ್, ಡಿಬಾರ್, ಪೊಲೀಸರಿಗೆ ಒಪ್ಪಿಸಿದ್ದು, ಅಂಗವೈಕಲ್ಯ ಇರುವ ಮಕ್ಕಳು ಮತ್ತು ಇಲ್ಲದ ಮಕ್ಕಳು ಅಂತ ಬೇರೆ ಬೇರೆಯಾಗಿ, ಜನಾಂಗದ ಪ್ರಕಾರ. ಜೊತೆಗೆ ಮಕ್ಕಳನ್ನು ದೈಹಿಕವಾಗಿ ಹಿಡಿದಿಟ್ಟದ್ದು, ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದು. 2017-18ರ ಲೆಕ್ಕದಲ್ಲಿ ದೇಶದ ಮಕ್ಕಳಲ್ಲಿ ಐಡಿಇಎ ಕೆಳಗೆ ಇದ್ದವರು ಶೇಕಡಾ 13, ಆದರೆ ಹೀಗೆ ಹಿಡಿದಿಟ್ಟ ಮಕ್ಕಳಲ್ಲಿ ಅವರೇ ಶೇಕಡಾ 80. ಐಡಿಇಎ ಮಕ್ಕಳಲ್ಲಿ ಕಪ್ಪು ಮಕ್ಕಳ ಪಾಲು 18, ಹಿಡಿದಿಟ್ಟವರಲ್ಲಿ ಅವರ ಪಾಲು 26. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಹಾಯ ಮಾಡುತ್ತೇವೆ ಅಂತ ಹಣೆಪಟ್ಟಿ ಹಚ್ಚಿ, ಅದೇ ಮಕ್ಕಳನ್ನು ಹೀಗೆ ನಡೆಸಿಕೊಂಡರೆ ಅದು ಎಂಥ ಸಹಾಯ?

ಆದರೆ ಇಲ್ಲೇ ಸೈಟ್‌ನ ದೊಡ್ಡ ದೋಷವೂ ಇದೆ. ಈ ಲೆಕ್ಕ ಕೊಡುವುದು ಡಿಸ್ಟ್ರಿಕ್ಟ್‌ಗಳೇ. ಸೊನ್ನೆ ಅಂತ ಬರೆದು ಕಳಿಸಿದರೆ ಸೈಟ್‌ನಲ್ಲೂ ಸೊನ್ನೆ ಬರುತ್ತದೆ. 2015-16ರಲ್ಲಿ ಶೇಕಡಾ 70 ಡಿಸ್ಟ್ರಿಕ್ಟ್‌ಗಳು ನಮ್ಮಲ್ಲಿ ಇಂಥ ಘಟನೆ ಒಂದೂ ಇಲ್ಲ ಅಂತ ಬರೆದಿದ್ದವು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2019ರಲ್ಲಿ ಇದನ್ನು ಪ್ರಶ್ನೆ ಮಾಡಿತು. ಹಾಗಾಗಿ ನಿಮ್ಮ ಶಾಲೆಯ ಎದುರು ಸೊನ್ನೆ ಕಂಡರೆ ಖುಷಿಪಡುವ ಮೊದಲು ಹಿಂದಿನ ವರ್ಷಗಳನ್ನೂ ತೆರೆದು ನೋಡಿ, ಪಕ್ಕದ ಶಾಲೆಗಳನ್ನೂ ನೋಡಿ.

ಎರಡನೇ ದೋಷ, ಹಳೆಯ ಲೆಕ್ಕ. 2017-18ರ ಅಂಕಿಗಳು ಹೊರಬಂದದ್ದು 2020ರ ಅಕ್ಟೋಬರ್‌ನಲ್ಲಿ. 2020-21ರದ್ದು 2023ರ ನವೆಂಬರ್‌ನಲ್ಲಿ. ಅದೂ ಕೊರೊನಾ ವರ್ಷ, ಎಷ್ಟೋ ಮಕ್ಕಳು ಮನೆಯಲ್ಲೇ ಕೂತಿದ್ದರು, ಸಸ್ಪೆನ್ಷನ್ ಲೆಕ್ಕ ಆ ವರ್ಷದ್ದನ್ನು ಬೇರೆ ವರ್ಷಕ್ಕೆ ಹೋಲಿಸಲು ಬರುವುದಿಲ್ಲ. 2021-22ರದ್ದು 2025ರ ಜನವರಿಯಲ್ಲಿ. ಕಿಂಡರ್‌ಗಾರ್ಟನ್‌ನಲ್ಲಿದ್ದ ಮಗುವಿನ ಲೆಕ್ಕ ನಮಗೆ ಕಾಣುವ ಹೊತ್ತಿಗೆ ಆ ಮಗು ಮೂರನೇ ಕ್ಲಾಸಿಗೆ ಬಂದಿರುತ್ತದೆ. ಪ್ರಿನ್ಸಿಪಾಲ್ ಹತ್ತಿರ ಇಟ್ಟರೆ ‘ಅದು ಹಳೆಯದು, ಈಗ ಬದಲಾಗಿದೆ’ ಅನ್ನಲು ಸುಲಭ.

ಇನ್ನೊಂದು ದೋಷ ನಮ್ಮ ವಿಷಯದಲ್ಲಿ ನೇರವಾಗಿ ತಟ್ಟುವುದು. ಸೈಟ್‌ನಲ್ಲಿ ಇರುವುದು ಒಂದೇ ‘ಏಷ್ಯನ್’. ಎಚ್-1ಬಿ ಮೇಲೆ ಬಂದ ಇಂಜಿನಿಯರ್ ಮಗನೂ, ಬರ್ಮಾದಿಂದ ನಿರಾಶ್ರಿತರಾಗಿ ಡಲ್ಲಾಸ್‌ಗೆ ಬಂದವರ ಮಗಳೂ, ವಿಯೆಟ್ನಾಂ ಮೂಲದ ಮೂರನೇ ತಲೆಮಾರಿನ ಮಗುವೂ ಅಲ್ಲೇ. ಅಕ್ಷರವೇ ಇಲ್ಲದ ಮನೆಯಿಂದ ಬಂದ ನಿರಾಶ್ರಿತ ಮಗುವಿನ ಕಷ್ಟ ನಮ್ಮ ಮಕ್ಕಳ ಮಾರ್ಕಿನ ಕೆಳಗೆ ಮುಚ್ಚಿಹೋಗುತ್ತದೆ. ಅವರಿಗೆ ನಮ್ಮಷ್ಟು ಇಂಗ್ಲಿಷೂ ಬಾರದು, ಮೀಟಿಂಗ್‌ಗೆ ರಜೆ ಹಾಕಿದರೆ ದಿನದ ಸಂಬಳ ಹೋಗುತ್ತದೆ. ಸರಾಸರಿ ನೋಡಿ ಏಷ್ಯನ್ನರಿಗೆ ಸಮಸ್ಯೆ ಇಲ್ಲ ಅನ್ನುವವರು ಆ ಮಕ್ಕಳನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಯಾವ ಥರದ ತೊಂದರೆ ಅನ್ನುವುದು ಶಾಲೆಯ ಮಟ್ಟದಲ್ಲಿ ಜನಾಂಗದ ಪ್ರಕಾರ ಇಲ್ಲಿ ಸಿಗುವುದಿಲ್ಲ. ಇದು ನನಗೆ ಅತಿ ದೊಡ್ಡ ಕೊರತೆ. ಯಾಕೆಂದರೆ ಕಿವುಡು, ಕುರುಡು ಇಂಥ ಡಾಕ್ಟರು ನೋಡಿ ಹೇಳುವ ತೊಂದರೆಗಳಲ್ಲಿ ಜನಾಂಗದ ವ್ಯತ್ಯಾಸ ಅಷ್ಟಾಗಿ ಇರುವುದಿಲ್ಲ. ಶಾಲೆಯವರು ತಮ್ಮ ಅಂದಾಜಿನ ಮೇಲೆ ತೀರ್ಮಾನಿಸುವ ಪಟ್ಟಿಗಳಲ್ಲೇ, ಅಂದರೆ ಬೌದ್ಧಿಕ ತೊಂದರೆ, ಭಾವನಾತ್ಮಕ ತೊಂದರೆ, ಕಲಿಕೆಯ ತೊಂದರೆ, ಇವುಗಳಲ್ಲೇ ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕದ ವಿಜ್ಞಾನ ಸಂಸ್ಥೆಯಾದ ನ್ಯಾಷನಲ್ ಅಕಾಡೆಮಿಯ 2002ರ ವರದಿ ಈ ವ್ಯತ್ಯಾಸವನ್ನು ವಿವರವಾಗಿ ನೋಡಿತ್ತು. ಏಷ್ಯನ್ ಮಕ್ಕಳದ್ದು ಬೇರೆಯೇ ಚಿತ್ರ, ಸ್ಪೆಷಲ್ ಎಡ್‌ಗೆ ಬಂದವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಆಟಿಸಂ. ಇಂಥದ್ದು ನೋಡಬೇಕಾದರೆ ರಾಜ್ಯಗಳು ಐಡಿಇಎ ಕಾನೂನಿನ ಕೆಳಗೆ ಪ್ರತಿ ವರ್ಷ ಕೊಡುವ ಬೇರೆ ಲೆಕ್ಕಕ್ಕೆ ಹೋಗಬೇಕು. ಟೆಕ್ಸಸ್‌ನಲ್ಲಾದರೆ ಟಿಎಪಿಆರ್ ಅನ್ನುವ ವಾರ್ಷಿಕ ವರದಿಯಲ್ಲಿ ತೊಂದರೆಯ ಪ್ರಕಾರ ಮಕ್ಕಳ ಸಂಖ್ಯೆ ಸಿಗುತ್ತದೆ, ಆದರೆ ಅಲ್ಲಿ ಜನಾಂಗದ ಜೊತೆ ಜೋಡಿಸಿಲ್ಲ. ಎರಡು ಕಡೆ ಎರಡು ಅರ್ಧ, ಒಂದೇ ಕಡೆ ಸೇರಿಸಿ ಕೊಡುವವರು ಯಾರೂ ಇಲ್ಲ.

ಮತ್ತೆ, ರೇಶಿಯೋ ಜಾಸ್ತಿ ಬಂದ ಮಾತ್ರಕ್ಕೆ ಶಾಲೆ ತಪ್ಪು ಮಾಡಿದೆ ಅಂತ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಪಾಲ್ ಮಾರ್ಗನ್, ಜಾರ್ಜ್ ಫಾರ್ಕಸ್ ಅನ್ನುವ ಸಂಶೋಧಕರು ಮತ್ತು ಅವರ ತಂಡ 2015ರಲ್ಲಿ ಒಂದು ವಾದ ಮುಂದಿಟ್ಟರು. ಓದಿನ ಮಟ್ಟ, ಮನೆಯ ಆದಾಯ ಎಲ್ಲ ಒಂದೇ ಇರುವ ಮಕ್ಕಳನ್ನು ಹೋಲಿಸಿದರೆ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ ಬಿಳಿಯ ಮಕ್ಕಳಿಗಿಂತ ಸ್ಪೆಷಲ್ ಎಡ್ ಕಡಿಮೆಯೇ ಸಿಗುತ್ತಿದೆ ಅಂತ. ಬೇರೆ ಸಂಶೋಧಕರು ಅದನ್ನು ಒಪ್ಪಲಿಲ್ಲ, ಅವರ ಲೆಕ್ಕದ ವಿಧಾನವನ್ನೇ ಪ್ರಶ್ನಿಸಿದರು. ಜಗಳ ಇನ್ನೂ ಮುಗಿದಿಲ್ಲ. ನನಗೆ ಅನ್ನಿಸುವುದು ಎರಡೂ ಒಟ್ಟಿಗೆ ನಿಜ ಇರಬಹುದು. ಬಡತನ, ಹಳೆ ಮನೆಗಳ ಸೀಸದ ಬಣ್ಣ, ತೂಕ ಕಡಿಮೆ ಹುಟ್ಟಿದ್ದು, ಇವೆಲ್ಲ ಮಗುವಿನ ಕಲಿಕೆಗೆ ಹೊಡೆತ ಕೊಡುತ್ತವೆ, ಈ ಹೊಡೆತ ಯಾವ ಬೀದಿಯಲ್ಲಿ ಜಾಸ್ತಿ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಅಂಥ ಮಗುವಿಗೆ ಸಹಾಯ ಬೇಕೇ ಬೇಕು. ಅದೇ ಊರಲ್ಲಿ ಇನ್ನೊಂದು ಮಗುವಿಗೆ ತಪ್ಪು ಹಣೆಪಟ್ಟಿಯೂ ಬಿದ್ದಿರಬಹುದು. ಸೈಟ್‌ನ ಸಂಖ್ಯೆ ಈ ಎರಡನ್ನು ಬೇರ್ಪಡಿಸಿ ಹೇಳಲಾರದು. ಎಲ್ಲಿ ಪ್ರಶ್ನೆ ಕೇಳಬೇಕು ಅಂತ ತೋರಿಸುತ್ತದೆ, ಅಷ್ಟೇ. ಚಿಕ್ಕ ಶಾಲೆಯಾದರೆ ಅದನ್ನೂ ನಂಬಬೇಡಿ. ಹತ್ತು ಹದಿನೈದು ಮಕ್ಕಳಿರುವ ಗುಂಪಿನಲ್ಲಿ ಒಂದು ಮಗು ಸೇರಿದರೂ ಬಿಟ್ಟರೂ ರೇಶಿಯೋ ಪಲ್ಟಿ ಹೊಡೆಯುತ್ತದೆ. ಡಿಸ್ಟ್ರಿಕ್ಟ್ ಮಟ್ಟದಲ್ಲೇ ನೋಡಿ.

ಲೆಕ್ಕ ಕಂಡ ಮೇಲೆ ಏನಾಗುತ್ತದೆ ಅನ್ನುವುದು ಸೈಟ್‌ನ ತಪ್ಪಲ್ಲ, ಆದರೆ ಹೇಳದೆ ಇರಲಾಗದು. ಐಡಿಇಎ ಕಾನೂನಿನ 2004ರ ತಿದ್ದುಪಡಿಯ ಪ್ರಕಾರ ಜನಾಂಗದ ವ್ಯತ್ಯಾಸ ಗಂಭೀರವಾಗಿರುವ ಡಿಸ್ಟ್ರಿಕ್ಟ್ ತನಗೆ ಬರುವ ಐಡಿಇಎ ಹಣದಲ್ಲಿ ಶೇಕಡಾ 15ನ್ನು ಬದಿಗಿಟ್ಟು, ಮಕ್ಕಳಿಗೆ ಮೊದಲೇ ಸಹಾಯ ಕೊಡಲು ಖರ್ಚು ಮಾಡಬೇಕು. ಒಳ್ಳೆಯ ನಿಯಮ. ಆದರೆ ‘ಗಂಭೀರ’ ಅಂದರೆ ಎಷ್ಟು ಅಂತ ತೀರ್ಮಾನಿಸುವುದು ಆಯಾ ರಾಜ್ಯ. 2010-11ರಲ್ಲಿ ಇಡೀ ದೇಶದಲ್ಲಿ ಸುಮಾರು ಶೇಕಡಾ 2 ಡಿಸ್ಟ್ರಿಕ್ಟ್‌ಗಳು ಮಾತ್ರ ಇದರಲ್ಲಿ ಸಿಕ್ಕಿಬಿದ್ದವು ಅಂತ ಜಿಎಒ 2013ರಲ್ಲಿ ಹೇಳಿತು. ಗೆರೆಯನ್ನು ಎತ್ತರದಲ್ಲಿ ಎಳೆದರೆ ಯಾರೂ ಅದನ್ನು ಮುಟ್ಟುವುದಿಲ್ಲ, ಅಲ್ವಾ? 2016ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳೂ ಒಂದೇ ವಿಧಾನದಲ್ಲಿ ರೇಶಿಯೋ ಲೆಕ್ಕ ಮಾಡಬೇಕು ಅಂತ ನಿಯಮ ಬಂತು, ಗೆರೆ ಎಳೆಯುವುದು ಮಾತ್ರ ರಾಜ್ಯದ ಕೈಯಲ್ಲೇ ಉಳಿಯಿತು. 2018ರಲ್ಲಿ ಆ ನಿಯಮವನ್ನು ಮುಂದಕ್ಕೆ ಹಾಕಿದರು, ಪೋಷಕರ ಪರವಾದ ವಕೀಲರ ಸಂಘಟನೆ ಕೋರ್ಟಿಗೆ ಹೋಯಿತು, ಹಾಗೆ ಮುಂದೂಡಿದ್ದು ಕಾನೂನುಬಾಹಿರ ಅಂತ ಜಡ್ಜ್ ತಾನ್ಯಾ ಚಟ್ಕನ್ 2019ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟರು.

ಆಮೇಲೆ 2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಜನರನ್ನು ತೆಗೆದರು. ಈ ಸೈಟ್ ನಡೆಸುವ ಸಿವಿಲ್ ರೈಟ್ಸ್ ಆಫೀಸಿನ 12 ಪ್ರಾದೇಶಿಕ ಕಚೇರಿಗಳಲ್ಲಿ 7 ಮುಚ್ಚಿದರು. ನಮ್ಮ ಡಲ್ಲಾಸ್ ಕಚೇರಿಯೂ ಅದರಲ್ಲಿ ಒಂದು. ಶಾಲೆಯಲ್ಲಿ ಜನಾಂಗದ ಕಾರಣಕ್ಕೋ ಅಂಗವೈಕಲ್ಯದ ಕಾರಣಕ್ಕೋ ತಾರತಮ್ಯ ಆದರೆ 180 ದಿನದೊಳಗೆ ಈ ಆಫೀಸಿಗೆ ದೂರು ಕೊಡಬಹುದು. ದೂರು ನೋಡುವವರೇ ಕಡಿಮೆಯಾದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಹಾಗಾದರೆ ಯಾಕೆ ನೋಡಬೇಕು? ಮೀಟಿಂಗ್‌ನಲ್ಲಿ ಧೈರ್ಯ ಬರುತ್ತದೆ. ಟೆಕ್ಸಸ್‌ನಲ್ಲಿ ಐಇಪಿ ಮೀಟಿಂಗ್‌ಗೆ ಆರ್ಡ್ ಅನ್ನುತ್ತಾರೆ. ಮೇಜಿನ ಆ ಕಡೆ ಮಗುವನ್ನು ಪರೀಕ್ಷೆ ಮಾಡುವ ಡಯಾಗ್ನೊಸ್ಟಿಷಿಯನ್, ಸ್ಪೀಚ್ ಥೆರಪಿಸ್ಟ್, ಟೀಚರ್, ಅಸಿಸ್ಟೆಂಟ್ ಪ್ರಿನ್ಸಿಪಾಲ್, ಈ ಕಡೆ ನೀವೊಬ್ಬರೇ. ಅಲ್ಲಿ ರೇಶಿಯೋ ತೆಗೆದು ಜಗಳ ಮಾಡಬೇಡಿ, ಪ್ರಯೋಜನ ಇಲ್ಲ. ಆ ಮೀಟಿಂಗ್ ನಿಮ್ಮ ಮಗುವಿನದ್ದು, ಅಲ್ಲಿ ಮಗುವಿನ ಮಾತೇ ಆಗಬೇಕು. ಆದರೆ ‘ನಿಮ್ಮವರಲ್ಲಿ ಇದು ಸಾಮಾನ್ಯ, ಕಾಯಿರಿ’ ಅಂದಾಗ ಅದು ನಿಮ್ಮ ಊರಲ್ಲಿ ಎಷ್ಟು ಮನೆಗಳಿಗೆ ಹೇಳಿದ ಮಾತು ಅಂತ ನಿಮಗೆ ಗೊತ್ತಿರುತ್ತದೆ, ತಲೆಯಾಡಿಸಿ ಎದ್ದು ಬರುವುದಿಲ್ಲ. ರೇಶಿಯೋ ಹಿಡಿದು ಮಾತಾಡಬೇಕಾದ ಜಾಗ ಸ್ಕೂಲ್ ಬೋರ್ಡ್ ಸಭೆ. ಅಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡುತ್ತಾರೆ. ನಾನು ಮತ್ತು ಆ ಆಫ್ರಿಕನ್ ಅಮೆರಿಕನ್ ತಾಯಿ ಒಟ್ಟಿಗೆ ಹೋಗಿ ಒಂದೇ ಹಾಳೆಯ ಎರಡು ಸಾಲು ಓದಿದೆವು, ಅವರ ಮಕ್ಕಳದ್ದು ಒಂದು, ನಮ್ಮ ಮಕ್ಕಳದ್ದು ಒಂದು. ಬೋರ್ಡಿನವರು ಪ್ರಶ್ನೆ ಬರೆದುಕೊಂಡರು. ಒಬ್ಬರೇ ಹೋಗಿದ್ದರೆ ನಮ್ಮ ಸಮುದಾಯದ ಗೊಣಗಾಟ ಅಂತ ಆಗುತ್ತಿತ್ತು.

ಮಗುವಿನ ವಿಷಯಕ್ಕೆ ಏನು ಬೇಕೋ ಅದನ್ನು ಬರೆದು ಕೇಳಿ, ಬಾಯಲ್ಲಿ ಕೇಳಬೇಡಿ. ಟೆಕ್ಸಸ್‌ನಲ್ಲಿ ಇವ್ಯಾಲ್ಯುವೇಷನ್ ಬೇಕು ಅಂತ ಪತ್ರ ಕೊಟ್ಟರೆ 15 ಶಾಲಾ ದಿನದೊಳಗೆ ಡಿಸ್ಟ್ರಿಕ್ಟ್ ಉತ್ತರ ಕೊಡಬೇಕು. ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ 45 ಶಾಲಾ ದಿನದಲ್ಲಿ ವರದಿ ಮುಗಿಯಬೇಕು. ಬೇರೆ ರಾಜ್ಯಗಳಲ್ಲಿ ಗಡುವು ಬೇರೆ ಇರಬಹುದು, ಕೇಂದ್ರದ ನಿಯಮ 60 ದಿನ. ಪರೀಕ್ಷೆ ಮಗುವಿನ ಭಾಷೆಯಲ್ಲಿ ಆಗಬೇಕು, ಜನಾಂಗ ಸಂಸ್ಕೃತಿ ನೋಡಿ ತಾರತಮ್ಯ ಮಾಡುವಂಥದ್ದಾಗಿರಬಾರದು, ಇಂಗ್ಲಿಷ್ ಬಾರದು ಅನ್ನುವುದೇ ಮುಖ್ಯ ಕಾರಣವಾಗಿ ಹಣೆಪಟ್ಟಿ ಹಚ್ಚಬಾರದು ಅಂತ ಐಡಿಇಎಯಲ್ಲೇ ಇದೆ. ಕನ್ನಡದಲ್ಲಿ ಸಿದ್ಧ ಪರೀಕ್ಷೆ ಸಿಗದಿದ್ದರೂ ದುಭಾಷಿಯನ್ನು ಕೇಳಿ, ಮನೆಯಲ್ಲಿ ಮಗು ಕನ್ನಡದಲ್ಲಿ ಹೇಗೆ ಮಾತಾಡುತ್ತದೆ ಅನ್ನುವ ವಿಡಿಯೊ ಮಾಡಿ ಕೊಡಿ, ಅದನ್ನು ವರದಿಯಲ್ಲಿ ಸೇರಿಸಿ ಅಂತ ಬರೆಯಿರಿ. ನಮ್ಮ ವಿಷಯದಲ್ಲಿ ದಾರಿ ತೆರೆದದ್ದು ಆ ವಿಡಿಯೊ. ಶಾಲೆಯ ವರದಿ ಒಪ್ಪಿಗೆಯಾಗದಿದ್ದರೆ ಡಿಸ್ಟ್ರಿಕ್ಟ್ ಖರ್ಚಿನಲ್ಲಿ ಹೊರಗಿನವರಿಂದ ಇವ್ಯಾಲ್ಯುವೇಷನ್ ಮಾಡಿಸಿ ಅಂತಲೂ ಕೇಳಬಹುದು. ಡಿಸ್ಟ್ರಿಕ್ಟ್ ಅದಕ್ಕೆ ಒಪ್ಪಬೇಕು, ಇಲ್ಲದಿದ್ದರೆ ತನ್ನ ವರದಿ ಸರಿ ಅಂತ ವಿಚಾರಣೆಯಲ್ಲಿ ತೋರಿಸಬೇಕು.

ಸೈಟ್ ಒಂದನ್ನೇ ನಂಬಿ ಕೂರಬೇಡಿ. ಪ್ರತಿ ರಾಜ್ಯದಲ್ಲೂ ಕೇಂದ್ರದ ಹಣದಲ್ಲಿ ನಡೆಯುವ ಪೇರೆಂಟ್ ಸೆಂಟರ್ ಇದೆ. ಟೆಕ್ಸಸ್‌ನಲ್ಲಿ ಪಾರ್ಟ್‌ನರ್ಸ್ ರಿಸೋರ್ಸ್ ನೆಟ್‌ವರ್ಕ್, ನ್ಯೂಜೆರ್ಸಿಯಲ್ಲಿ ಸ್ಪ್ಯಾನ್, ಮಿನೆಸೋಟಾದಲ್ಲಿ ಪೇಸರ್. ಪತ್ರ ಹೇಗೆ ಬರೆಯಬೇಕು, ಗಡುವು ದಾಟಿದರೆ ಏನು ಮಾಡಬೇಕು ಅಂತ ಇಂಥ ಸೆಂಟರ್‌ಗಳು ಉಚಿತವಾಗಿ ಹೇಳಿಕೊಡುತ್ತವೆ. ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಯುಗಾದಿ, ರಾಜ್ಯೋತ್ಸವದ ಜೊತೆ ಇಂಥ ಸೆಂಟರ್‌ನವರನ್ನೂ ಕರೆಸಿ ಒಂದು ಗಂಟೆ ಮಾತಾಡಿಸಿದರೆ ಎಷ್ಟೋ ಮನೆಗಳಿಗೆ ಉಪಯೋಗ ಆಗುತ್ತದೆ. ಹಾಲ್ ಹೇಗೂ ಬುಕ್ ಆಗಿರುತ್ತದೆ.

ಈ ವಾರ ಸಮಯ ಸಿಕ್ಕರೆ ನಿಮ್ಮ ಡಿಸ್ಟ್ರಿಕ್ಟ್ ಪುಟ ತೆರೆಯಿರಿ, ಹಿಂದಿನ ವರ್ಷಗಳದ್ದನ್ನೂ ಸೇರಿಸಿ ಪಿಡಿಎಫ್ ಮಾಡಿ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ಶಾಲಾ ವರ್ಷ ಹಾಕಿ, ಇಲ್ಲದಿದ್ದರೆ ಆಮೇಲೆ ಯಾವುದು ಯಾವ ವರ್ಷದ್ದು ಅಂತ ಗೊಂದಲ ಆಗುತ್ತದೆ.